ಸೂರ್ಯನ ಸುದ್ದಿ ಓದುವ ಟೀವಿಯವರಿಗೆ ಒಂದೆರಡು ಮಾತು

ಎರಡು ತಿಂಗಳಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಸೋಮಾರಿತನ, ಎರಡರಲ್ಲಿ ಯಾವುದಕ್ಕೆ ಹೆಚ್ಚು ಪಾಲು ಅಂತ ಕೇಳಬೇಡಿ :-) ಇವತ್ತು ಬರೆಯಲೇಬೇಕು ಅನ್ನಿಸಿದ್ದು ಸಿಟ್ಟಿಗೆ. ಮೊನ್ನೆ ಊರಿಗೆ ಹೋದಾಗ ಟೀವಿಯಲ್ಲಿ ಮತ್ತೆ ಅದೇ ಚಿತ್ರ. ಅರ್ಧ ಪರದೆಯಲ್ಲಿ ಉರಿಯುವ ಸೂರ್ಯ, ಇನ್ನರ್ಧದಲ್ಲಿ ಬೆಂಕಿ ಹತ್ತಿದ ಭೂಮಿ, ಕೆಳಗೆ ದಪ್ಪಕ್ಷರದಲ್ಲಿ 'ಕಾದಿದೆಯಾ ಗಂಡಾಂತರ?' ಪಕ್ಕದಲ್ಲಿ ಒಬ್ಬರು ಜ್ಯೋತಿಷಿಗಳು. ಅಮ್ಮ ತಿರುಗಿ ನನ್ನ ಮುಖ ನೋಡಿದರು. ನಾನು ರಿಮೋಟು ತಗೊಂಡು ಆಫ್ ಮಾಡಿದೆ.

ಅಮ್ಮ ನನ್ನ ಮುಖ ನೋಡಿದ್ದಕ್ಕೆ ಕಾರಣ ಇದೆ. 2024ರ ಮೇ 10 ಮತ್ತು 11, ನೆನಪಿದೆಯಾ? ಸೂರ್ಯನ ಮೇಲೆ ಒಂದು ದೊಡ್ಡ ಕಲೆಗಳ ಗುಂಪು ಕಾಣಿಸಿಕೊಂಡು, ಒಂದರ ಹಿಂದೊಂದು ಜ್ವಾಲೆಗಳು ಸಿಡಿದು, 2003ರ ನಂತರದ ಅತಿ ದೊಡ್ಡ ಭೂಕಾಂತೀಯ ಬಿರುಗಾಳಿ ಬಂದಿತ್ತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೋಗಳನ್ನು ನೀವೂ ಫಾರ್ವರ್ಡ್ ಮಾಡಿರುತ್ತೀರಿ. ಆಗ ನಮ್ಮಕ್ಕ ಏಳು ತಿಂಗಳ ಬಸುರಿ, ಬಾಣಂತನಕ್ಕೆ ಅಂತ ಮಧುಗಿರಿಗೆ ಬಂದಿದ್ದಳು. ಶನಿವಾರ ತುಮಕೂರಿನಲ್ಲಿ ಚೆಕಪ್ಪು. ಹಿಂದಿನ ರಾತ್ರಿ ಯಾವುದೋ ಚಾನೆಲ್ಲಿನವರು ಗರ್ಭಿಣಿಯರು ಹೊರಗೆ ಬರಬಾರದು ಅಂತ ಹೇಳಿಬಿಟ್ಟಿದ್ದರು. ಅಮ್ಮ ಅಕ್ಕನನ್ನು ಕಳಿಸಲಿಲ್ಲ. ಕಿಟಕಿಗೆಲ್ಲ ಬೆಡ್‌ಶೀಟು. ನನಗೆ ಫೋನು, "ನೀನೂ ಮೊಬೈಲ್ ಆಫ್ ಮಾಡಿ ಮನೆಯೊಳಗೇ ಇರು ಕಣಪ್ಪ" ಅಂತ. ಮೊಬೈಲಿನಲ್ಲೇ ಹೇಳುತ್ತಿದ್ದರು, ಅದು ಬೇರೆ ಮಾತು.

ಸೋಮವಾರ ಹೋದಾಗ ಅಕ್ಕನ ಬೀಪಿ ಏರಿತ್ತು. ಡಾಕ್ಟರಮ್ಮ ಚೆನ್ನಾಗಿ ಬೈದರಂತೆ, ಎರಡು ದಿನ ಮೊದಲೇ ಬರಬೇಕಿತ್ತು ಅಂತ. ಪುಣ್ಯಕ್ಕೆ ಮುಂದೆ ಏನೂ ತೊಂದರೆ ಆಗಲಿಲ್ಲ. ಈಗ ನನ್ನ ಸೋದರಸೊಸೆ ಮನೆತುಂಬ ಓಡಾಡಿಕೊಂಡಿದ್ದಾಳೆ. ಆದರೆ ಆ ಸೋಮವಾರ ನಾನು ಫೋನಿನಲ್ಲಿ ಅಮ್ಮನ ಮೇಲೆ ರೇಗಿದಾಗ ಅಮ್ಮ ಕೇಳಿದ ಒಂದು ಪ್ರಶ್ನೆ ಹಾಗೇ ಉಳಿದುಕೊಂಡಿತು. "ಸರಿ ಕಣಪ್ಪ, ಟೀವಿಯೋರು ಸುಳ್ಳು ಹೇಳ್ತಾರೆ. ಅಷ್ಟು ದೂರದಾಗೆ ಏನಾಯ್ತು ಅಂತ ನಿಂಗೆ ಹೆಂಗ್ ಗೊತ್ತು?"

ನಾನು ಓದಿದ್ದು ಇ ಅಂಡ್ ಸಿ. ಆಂಟೆನಾ, ಅಲೆ, ಕಾಂತಕ್ಷೇತ್ರ ಎಲ್ಲ ಸಿಲಬಸ್ಸಿನಲ್ಲಿತ್ತು. ಫೀಲ್ಡ್ ಥಿಯರಿಯಲ್ಲಿ ಜಸ್ಟ್ ಪಾಸು. ಅಮ್ಮನಿಗೆ ಉತ್ತರ ಹೇಳಲು ಬರಲಿಲ್ಲ. ಆಮೇಲೆ ರಾತ್ರಿಗಳಲ್ಲಿ ಕೂತು ಓದಿದೆ. ಓದಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಸೂರ್ಯನ ಜ್ವಾಲೆಯ ಬಗ್ಗೆ ನಮ್ಮ ಮಾಧ್ಯಮಗಳು ತೋರಿಸುವುದೆಲ್ಲ ಬೆಂಕಿಯ ಬಣ್ಣ. ನಡೆಯುವ ಕೆಲಸವೆಲ್ಲ ಕಾಂತಕ್ಷೇತ್ರದ್ದು. ಅದು ಫೋಟೋದಲ್ಲಿ ಬೀಳುವುದಿಲ್ಲ, ರೇಡಿಯೋದಲ್ಲಿ ಕೇಳಿಸುತ್ತದೆ. ಹಾಗೆ ಕೇಳಿಸಿಕೊಳ್ಳುವ ಒಂದು ಒಳ್ಳೆಯ ಜಾಗ ನಮ್ಮೂರಿನ ಪಕ್ಕದಲ್ಲೇ ಇದೆ, ನಮಗೇ ಗೊತ್ತಿಲ್ಲ.

ಮೊದಲು ಕಾಂತಕ್ಷೇತ್ರದ ವಿಷಯ. ಸೂರ್ಯನಲ್ಲಿ ಉರಿಯುವುದು ಸೌದೆ ಅಲ್ಲ, ಗ್ಯಾಸೂ ಅಲ್ಲ. ಸೂರ್ಯಕಲೆಗಳ ಮೇಲೆ ಕಾಂತಕ್ಷೇತ್ರದ ರೇಖೆಗಳು ಕಮಾನು ಕಮಾನಾಗಿ ಎದ್ದು, ತಿರುಚಿಕೊಂಡು, ಹೆಣೆದುಕೊಂಡು ನಿಂತಿರುತ್ತವೆ. ಹಗ್ಗವನ್ನು ಹುರಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಕೈ ಬಿಟ್ಟರೆ ಚಟಾರನೆ ಬಿಚ್ಚಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ರೇಖೆಗಳು ಕಡಿದು ಬೇರೆ ರೀತಿ ಜೋಡಿಕೊಂಡಾಗ, ಕೂಡಿಟ್ಟಿದ್ದ ಶಕ್ತಿ ನಿಮಿಷಗಳಲ್ಲಿ ಹೊರಗೆ ಬೀಳುತ್ತದೆ. ಅದೇ ಸೌರಜ್ವಾಲೆ.

ಸೂರ್ಯನ ಮೈಮೇಲಿನ ಕಾಂತಕ್ಷೇತ್ರವನ್ನು ಬೆಳಕಿನಿಂದಲೇ ಅಳೆಯಬಹುದು. 1908ರಲ್ಲೇ ಮೌಂಟ್ ವಿಲ್ಸನ್ನಿನಲ್ಲಿ ಜಾರ್ಜ್ ಹೇಲ್ ಅಳೆದ. ಕಾಂತಕ್ಷೇತ್ರ ಇದ್ದರೆ ರೋಹಿತದ ಗೆರೆಗಳು ಸೀಳಿಕೊಳ್ಳುತ್ತವೆ, ಸೀಳು ಎಷ್ಟು ಅಗಲ ಅಂತ ನೋಡಿದರೆ ಕ್ಷೇತ್ರ ಎಷ್ಟು ಬಲ ಅಂತ ಗೊತ್ತಾಗುತ್ತದೆ. ದೊಡ್ಡ ಸೂರ್ಯಕಲೆಯೊಳಗೆ ಎರಡು ಮೂರು ಸಾವಿರ ಗಾಸ್ ಇರುತ್ತದೆ. ನಮ್ಮ ಭೂಮಿಯದು ಅರ್ಧ ಗಾಸ್ ಆಸುಪಾಸು. ಆದರೆ ಜ್ವಾಲೆ ಸಿಡಿಯುವುದು ಮೈಮೇಲಲ್ಲ, ಅದರ ಮೇಲಿನ ಕರೋನದಲ್ಲಿ. (ಈ ಪದ ಕೇಳಿದರೆ ಈಗ ಎಲ್ಲರೂ ಸ್ಯಾನಿಟೈಸರ್ ಹುಡುಕುತ್ತಾರೆ, ಏನು ಮಾಡೋಣ!) ಅಲ್ಲಿ ಹತ್ತು ಲಕ್ಷ ಡಿಗ್ರಿಗೂ ಮೀರಿದ ಕಾವು. ಕಾವಿಗೆ ಗೆರೆಗಳೆಲ್ಲ ಅಗಲವಾಗಿ ಹರಡಿಹೋಗುತ್ತವೆ, ಅದರಲ್ಲಿ ಸೀಳು ಹುಡುಕುವುದು ಒದ್ದೆ ಕಾಗದದ ಮೇಲೆ ಹರಡಿದ ಇಂಕಿನಲ್ಲಿ ಎರಡು ಗೆರೆ ಬೇರೆ ಮಾಡಿದ ಹಾಗೆ. ಹವಾಯಿಯಲ್ಲಿರುವ ಇನೂಯೆ ದೂರದರ್ಶಕ ಸೂರ್ಯನ ಅಂಚಿನಾಚೆ ಇದನ್ನು ಅಳೆದು ನಕ್ಷೆ ಮಾಡಿದ್ದು 2024ರಲ್ಲಿ. ಅದೂ ಶಾಂತವಾಗಿದ್ದಾಗ. ಕ್ಷಣಕ್ಷಣಕ್ಕೂ ಬದಲಾಗುವ ಜ್ವಾಲೆಯ ಹೊಟ್ಟೆಯೊಳಗಿನ ಕ್ಷೇತ್ರಕ್ಕೆ ಬೇರೆ ದಾರಿ ಬೇಕು.

ಆ ದಾರಿಯೇ ರೇಡಿಯೋ. ಅಮ್ಮನಿಗೆ ನಾನು ಕೊನೆಗೆ ಹೇಳಿದ್ದು ಹೀಗೆ: ಕತ್ತಲಲ್ಲಿ ಗಾಣ ತಿರುಗುತ್ತಿದೆ ಅಂದುಕೋ. ಗಾಣ ಕಾಣಿಸಲ್ಲ, ಎತ್ತೂ ಕಾಣಿಸಲ್ಲ, ಎತ್ತಿನ ಕೊರಳ ಗಂಟೆ ಕೇಳಿಸುತ್ತೆ. ಗಂಟೆಯ ಲೆಕ್ಕದಲ್ಲಿ ಎತ್ತು ಎಷ್ಟು ಬೇಗ ಸುತ್ತುತ್ತಿದೆ ಹೇಳಬಹುದಲ್ಲ? ಇಲ್ಲಿ ಎತ್ತು ಅಂದರೆ ಎಲೆಕ್ಟ್ರಾನು, ಗಾಣದ ಕಂಬ ಅಂದರೆ ಕಾಂತರೇಖೆ. ಕ್ಷೇತ್ರ ಬಲವಾದಷ್ಟೂ ಸುತ್ತು ಬಿಗಿ, ವೇಗ ಜಾಸ್ತಿ. ಒಂದು ಗಾಸ್ ಇದ್ದರೆ ಸೆಕೆಂಡಿಗೆ 28 ಲಕ್ಷ ಸುತ್ತು, ಅಂದರೆ 2.8 ಮೆಗಾಹರ್ಟ್ಸ್. 300 ಗಾಸ್ ಇದ್ದರೆ 840 ಮೆಗಾಹರ್ಟ್ಸ್. ಜ್ವಾಲೆಯ ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಓಡುವುದರಿಂದ ಈ ಮೂಲ ಸ್ವರದ ಜೊತೆಗೆ ಅದರ ಹತ್ತುಪಟ್ಟು, ಇಪ್ಪತ್ತುಪಟ್ಟು ಸ್ವರಗಳೂ ಹೊರಡುತ್ತವೆ. ಹಾಗಾಗಿ ಅದು ಕೇಳಿಸುವುದು ಗಿಗಾಹರ್ಟ್ಸ್ ಪಟ್ಟಿಯಲ್ಲಿ, ನಮ್ಮ ವೈಫೈ ಇರುವ ಪಕ್ಕದ ಬೀದಿಯಲ್ಲಿ. ಯಾವ ಆವರ್ತನದಲ್ಲಿ ಎಷ್ಟು ಗಟ್ಟಿ ಅಂತ ಒಂದು ಗ್ರಾಫು ಬರೆದು, ಅದರ ಗುಡ್ಡದ ಆಕಾರಕ್ಕೆ ಲೆಕ್ಕ ಹೊಂದಿಸಿದರೆ ಕ್ಷೇತ್ರದ ಬಲ ಸಿಗುತ್ತದೆ.

"ಹಂಗಾರೆ ಅಳದವ್ರಾ?" ಅಂದರು ಅಮ್ಮ. ಅಳೆದಿದ್ದಾರೆ. 2017ರ ಸೆಪ್ಟೆಂಬರ್ 10ರ ಭಾನುವಾರ, ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆ, ಸೂರ್ಯನ ಪಶ್ಚಿಮದ ಅಂಚಿನಲ್ಲಿ ಎಕ್ಸ್ 8.2 ದರ್ಜೆಯ ಜ್ವಾಲೆ. ಆಗ ಹಗಲಿದ್ದದ್ದು ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ ನ್ಯೂ ಜೆರ್ಸಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯವರ 13 ಆಂಟೆನಾಗಳ ಒಂದು ಸಾಲಿದೆ, ಸೂರ್ಯನನ್ನು ನೂರಾರು ಆವರ್ತನಗಳಲ್ಲಿ ಸೆಕೆಂಡು ಸೆಕೆಂಡಿಗೂ ಚಿತ್ರ ಮಾಡುತ್ತದೆ. ಚಿತ್ರದ ಒಂದೊಂದು ಚುಕ್ಕೆಗೂ ಒಂದೊಂದು ಗ್ರಾಫು. ಗ್ರೆಗರಿ ಫ್ಲೈಶ್‌ಮನ್ ಮತ್ತು ಜೊತೆಗಾರರು ಅದನ್ನು ಬಿಡಿಸಿ 2020ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು: ಆ ಜಾಗದಲ್ಲಿ ಕಾಂತಕ್ಷೇತ್ರ ಸೆಕೆಂಡಿಗೆ ಸುಮಾರು 5 ಗಾಸಿನಂತೆ ಒಂದು ನಿಮಿಷ ಕರಗುತ್ತಾ ಹೋಯಿತು. ಲೆಕ್ಕ ಹಾಕಿ, ಒಂದು ನಿಮಿಷಕ್ಕೆ 300 ಗಾಸ್ ಮಾಯ. ಹಾಗೆ ಕರಗಿದ ಕ್ಷೇತ್ರದಲ್ಲಿದ್ದ ಶಕ್ತಿ ಆ ಇಡೀ ಜ್ವಾಲೆಗೆ ಸಾಕಾಗುವಷ್ಟಿತ್ತು. ದಶಕಗಳಿಂದ ಸಿದ್ಧಾಂತದವರು ಹೇಳುತ್ತಾ ಬಂದಿದ್ದನ್ನು ಇವರು ಮೀಟರ್ ಇಟ್ಟು ನೋಡಿದರು ಅನ್ನಿ. ನನಗೆ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಒಂದೂ ಚಾನೆಲ್ಲಿನಲ್ಲಿ ಇದು ಸುದ್ದಿಯಾದ ನೆನಪು ನನಗಿಲ್ಲ. ನಿಮಗಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ.

ಈ ರೇಡಿಯೋ ಕತೆ ಶುರುವಾಗಿದ್ದೇ ಒಂದು ತಪ್ಪು ತಿಳುವಳಿಕೆಯಿಂದ. 1942ರ ಫೆಬ್ರವರಿ, ಎರಡನೇ ಮಹಾಯುದ್ಧ. ಜರ್ಮನಿಯ ಎರಡು ದೊಡ್ಡ ಯುದ್ಧನೌಕೆಗಳು ಬ್ರಿಟಿಷರ ರೇಡಾರುಗಳನ್ನು ಗದ್ದಲ ಎಬ್ಬಿಸಿ ಕುರುಡು ಮಾಡಿ, ಇಂಗ್ಲಿಷ್ ಕಾಲುವೆಯಲ್ಲಿ ಹಾಡಹಗಲೇ ದಾಟಿಹೋಗಿದ್ದವು. ಅದಾಗಿ ಎರಡು ವಾರಕ್ಕೆ ಮತ್ತೆ ರೇಡಾರುಗಳ ತುಂಬ ಗದ್ದಲ. ಮತ್ತೆ ಜರ್ಮನರದ್ದೇ ಕಿತಾಪತಿ ಅಂದುಕೊಂಡರು. ತನಿಖೆಗೆ ನೇಮಕವಾಗಿದ್ದ ಜೇಮ್ಸ್ ಹೇ ಎಂಬಾತ ಬೇರೆ ಬೇರೆ ಊರಿನ ರೇಡಾರುಗಳು ಯಾವ ದಿಕ್ಕಿಗೆ ತಿರುಗಿದ್ದಾಗ ಗದ್ದಲ ಬಂತು ಅಂತ ಸೇರಿಸಿ ನೋಡಿದ. ಎಲ್ಲವೂ ಸೂರ್ಯನ ಕಡೆಗೆ! ಗ್ರೀನಿಚ್ ವೀಕ್ಷಣಾಲಯಕ್ಕೆ ಫೋನ್ ಮಾಡಿ ಕೇಳಿದರೆ, ಹೌದಪ್ಪ, ಸೂರ್ಯನ ನಡುಮಧ್ಯೆ ದೊಡ್ಡ ಕಲೆಗಳ ಗುಂಪು ಇದೆ ಅಂದರು. ಯುದ್ಧದ ಗುಟ್ಟು, ಹಾಗಾಗಿ ಲೇಖನ ಹೊರಬಂದದ್ದು 1946ರಲ್ಲಿ.

ಅದೇ 1946ರ ಜನವರಿ 26, ಸಿಡ್ನಿಯ ಡೋವರ್ ಹೈಟ್ಸ್ ಎಂಬ ಸಮುದ್ರದಂಚಿನ ಬಂಡೆಯ ಮೇಲೆ ರೂಬಿ ಪೇನ್-ಸ್ಕಾಟ್ ಎಂಬ ಹೆಣ್ಣುಮಗಳು ಬೆಳಗಾಗುವುದನ್ನು ಕಾಯುತ್ತಿದ್ದಳು. ಹುಟ್ಟುವ ಸೂರ್ಯನಿಂದ ನೇರವಾಗಿ ಬರುವ ಅಲೆ, ಸಮುದ್ರದ ನೀರಿಗೆ ಬಡಿದು ಬರುವ ಅಲೆ, ಎರಡನ್ನೂ ಕೂಡಿಸಿ ಸೂರ್ಯನ ಯಾವ ಭಾಗದಿಂದ ರೇಡಿಯೋ ಬರುತ್ತಿದೆ ಅಂತ ಹುಡುಕುವ ಉಪಾಯ. ಬರುತ್ತಿದ್ದದ್ದು ಕಲೆಗಳ ಗುಂಪಿನಿಂದ. ಇವತ್ತು ಜಗತ್ತಿನ ದೊಡ್ಡ ರೇಡಿಯೋ ದೂರದರ್ಶಕಗಳಲ್ಲಿ ಬಹಳಷ್ಟು ಹಲವು ಆಂಟೆನಾಗಳ ಅಲೆ ಕೂಡಿಸಿ ನೋಡುವ ಇದೇ ಹಾದಿಯಲ್ಲಿವೆ. ಇಷ್ಟು ಮಾಡಿದ ಈಕೆ 1944ರಲ್ಲಿ ಮದುವೆಯಾದದ್ದನ್ನು ಗುಟ್ಟಾಗಿ ಇಟ್ಟುಕೊಳ್ಳಬೇಕಾಯಿತು. ಮದುವೆಯಾದ ಹೆಂಗಸಿಗೆ ಅಲ್ಲಿನ ಸರ್ಕಾರಿ ನೌಕರಿಯಲ್ಲಿ ಕಾಯಂ ಜಾಗ ಇರಲಿಲ್ಲ. 1950ರಲ್ಲಿ ಗೊತ್ತಾಗಿ ಕಾಯಂ ಹೋಯಿತು. 1951ರಲ್ಲಿ ಬಸುರಿಯಾದಾಗ ಕೆಲಸವನ್ನೇ ಬಿಟ್ಟಳು. ಇಂಥ ಕಡೆ ನನಗೆ ಮಾತು ತೋಚುವುದಿಲ್ಲ, ಮುಂದೆ ಹೋಗುತ್ತೇನೆ.

ಮೂರನೆಯದು ಎಲ್ಲಕ್ಕಿಂತ ಭಯಾನಕ. 1967ರ ಮೇ 23. ಅಲಾಸ್ಕಾ, ಗ್ರೀನ್‌ಲ್ಯಾಂಡ್, ಇಂಗ್ಲೆಂಡ್ ಮೂರೂ ಕಡೆ ಕ್ಷಿಪಣಿ ಕಾವಲಿಗಿದ್ದ ಅಮೆರಿಕದ ರೇಡಾರುಗಳು ಒಂದೇ ಸಲ ಗದ್ದಲದಲ್ಲಿ ಮುಳುಗಿದವು. ಶೀತಲ ಸಮರದ ಕಾಲ. ಸೋವಿಯತ್ ರಷ್ಯಾ ಬೇಕಂತಲೇ ಮಾಡಿದೆ, ದಾಳಿಗೆ ಮುನ್ಸೂಚನೆ ಇದು ಅಂತ ಬಾಂಬರುಗಳನ್ನು ಸಿದ್ಧ ಮಾಡತೊಡಗಿದರು. ಅಷ್ಟರಲ್ಲಿ ಅಮೆರಿಕದ ವಾಯುಪಡೆಯಲ್ಲೇ ದಿನವೂ ಸೂರ್ಯನನ್ನು ಗಮನಿಸುತ್ತಿದ್ದ ಒಂದು ಸಣ್ಣ ಗುಂಪಿನಿಂದ ಮಾಹಿತಿ ಬಂತು: ಇದು ಸೂರ್ಯನ ರೇಡಿಯೋ ಸ್ಫೋಟ. ವಿಮಾನಗಳು ಏರಲಿಲ್ಲ. ಈ ಸಂಗತಿಯನ್ನು ಡೆಲೋರಿಸ್ ನಿಪ್ ಮತ್ತು ಜೊತೆಗಾರರು ವಿವರವಾಗಿ ಬರೆದದ್ದು 2016ರಲ್ಲಿ.

ಆ ಸಣ್ಣ ಗುಂಪನ್ನು ನೆನೆದರೆ ನನ್ನ ನೌಕರಿಯೇ ನೆನಪಾಗುತ್ತದೆ. ನಾನೂ ಸರ್ವರ್ ಕಾಯುವವನು. ತಿಂಗಳುಗಟ್ಟಲೆ ಬರೀ 'ಎಲ್ಲ ಸರಿಯಾಗಿದೆ' ಅಂತ ಬರೆಯುವ ಕೆಲಸಕ್ಕೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಬಜೆಟ್ಟು ಕಡಿಯುವಾಗ ಮೊದಲು ಕಣ್ಣಿಗೆ ಬೀಳುವುದೂ ಅದೇ. ಹೋದ ವರ್ಷ ಒಂದು ಅಲರ್ಟು ಸುಮ್ಮನೆ ಕಿರಿಕಿರಿ ಅಂತ ನಾನೇ ಫಿಲ್ಟರ್ ಹಾಕಿ ಮುಚ್ಚಿದೆ. ಮೂರನೇ ವಾರಕ್ಕೆ ಡಿಸ್ಕು ಕೈಕೊಟ್ಟಿತು. ಅದು ಅಷ್ಟು ದಿನ ಬಡಕೊಳ್ಳುತ್ತಿದ್ದದ್ದು ಇದನ್ನೇ. ಗದ್ದಲ ಅಂತ ಬಿಸಾಕುವ ಮುಂಚೆ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಒಮ್ಮೆ ನೋಡಬೇಕಿತ್ತು, ಆ ಹೇ ಸಾಹೇಬನ ಹಾಗೆ.

ಈಗ ನಮ್ಮೂರ ಪಕ್ಕದ ಜಾಗಕ್ಕೆ ಬರೋಣ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್, ಗೌರಿಬಿದನೂರು. ವಿದುರಾಶ್ವತ್ಥಕ್ಕೆ ಹೋದವರಿಗೆ ಗೊತ್ತಿರುತ್ತದೆ. ಇಲ್ಲಿ 1976ರಿಂದ ರೇಡಿಯೋ ವೀಕ್ಷಣಾಲಯ ಇದೆ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ಇದೇ ತಾಲೂಕಿನಲ್ಲಿ ಬಾರ್ಕ್‌ನವರ ಭೂಕಂಪ ಕೇಂದ್ರವೂ ಇದೆ, ದೂರದೇಶಗಳ ಭೂಗತ ಅಣುಪರೀಕ್ಷೆಗಳಿಗೂ ಕಿವಿಗೊಡುವಂಥದ್ದು. ಒಂದು ತಾಲೂಕು, ನೆಲಕ್ಕೊಂದು ಕಿವಿ, ಆಕಾಶಕ್ಕೊಂದು ಕಿವಿ! ಸೂರ್ಯನಿಗೆಂದೇ ಕಟ್ಟಿದ ರೇಡಿಯೋಹೀಲಿಯೋಗ್ರಾಫ್ 1997ರಿಂದ ಕೆಲಸ ಮಾಡುತ್ತಿದೆ. ಹಳೆಯ ಟೀವಿ ಆಂಟೆನಾ ಥರದ ನೂರಾರು ಆಂಟೆನಾಗಳು ಇಂಗ್ಲಿಷಿನ 'ಟಿ' ಆಕಾರದಲ್ಲಿ ಸಾಲಾಗಿ ನಿಂತಿವೆ. ದೊಡ್ಡ ಬಾಣಲೆ ಇಲ್ಲ, ಹೊಳಪಿಲ್ಲ. ಟೀವಿಯವರು ಬರದಿರಲು ಅದೂ ಒಂದು ಕಾರಣ ಇರಬಹುದು.

ಓವೆನ್ಸ್ ಕಣಿವೆಯವರು ಗಿಗಾಹರ್ಟ್ಸ್‌ನಲ್ಲಿ ಜ್ವಾಲೆಯ ಬುಡ ಕೇಳಿದರೆ ಇವರು 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೇಲಿನ ಕರೋನವನ್ನು ಕೇಳುತ್ತಾರೆ. ಆವರ್ತನ ಕಡಿಮೆಯಾದಷ್ಟೂ ಎತ್ತರದ ಪದರ, ಅಲ್ಲಿ ಸಾಂದ್ರತೆ ಕಡಿಮೆ. ಹಾಗಾಗಿ ಸೂರ್ಯನಿಂದ ಏನೋ ಹೊರಗೆ ಹೊರಟರೆ ಅದರ ಸ್ವರ ಎತ್ತರದಿಂದ ತಗ್ಗಿಗೆ ಇಳಿಯುತ್ತಾ ಬರುತ್ತದೆ. ಸೆಕೆಂಡುಗಳಲ್ಲಿ ಇಳಿದರೆ ಎಲೆಕ್ಟ್ರಾನುಗಳ ಕಟ್ಟು, ನಿಮಿಷಗಳಲ್ಲಿ ಇಳಿದರೆ ಸ್ಫೋಟದ ಮುಂದೆ ಓಡುವ ಆಘಾತದ ಅಲೆ. ಇದರ ಜೊತೆಗೆ ಅಲೆ ಎಡಕ್ಕೆ ಸುತ್ತುತ್ತಿದೆಯೋ ಬಲಕ್ಕೋ, ಎಷ್ಟು ಪಾಲು ಅಂತ ಅಳೆದರೆ ಆ ಎತ್ತರದ ಕಾಂತಕ್ಷೇತ್ರದ ಅಂದಾಜು ಸಿಗುತ್ತದೆ. ಗೌರಿಬಿದನೂರಿನವರ ಲೆಕ್ಕಗಳಲ್ಲಿ ಅದು ಕೆಲವೇ ಗಾಸ್. ಬೆಳಕಿನಿಂದ ಸುಲಭಕ್ಕೆ ಸಿಗದ ಅಂಕಿ ಅದು.

ಇಷ್ಟು ಸಣ್ಣ ಅಂಕಿ ಯಾಕೆ ಬೇಕು ಅಂತ ಕೇಳುವವರಿಗೆ: ಸೂರ್ಯನಿಂದ ಹೊರಟ ಮೋಡ ಭೂಮಿಗೆ ಬರಲು ಒಂದರಿಂದ ಮೂರು ದಿನ ಬೇಕು. ಬಂದದ್ದು ಬರೀ ತಂಗಾಳಿಯೋ ಬಿರುಗಾಳಿಯೋ ಅನ್ನುವುದು ಬಹುಪಾಲು ಆ ಮೋಡದೊಳಗಿನ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲಿದೆ. ದಕ್ಷಿಣಕ್ಕೆ ಇದ್ದರೆ ಭೂಮಿಯ ಕ್ಷೇತ್ರದ ಬಾಗಿಲು ತೆರೆದುಕೊಳ್ಳುತ್ತದೆ. ಇದು ನಮಗೆ ಖಚಿತವಾಗಿ ಗೊತ್ತಾಗುವುದು ಮೋಡ ಎಲ್-1 ಬಿಂದು ದಾಟುವಾಗ, ನಮ್ಮ ಆದಿತ್ಯ ಎಲ್-1 ಕೂತಿರುವ ಜಾಗ, ಅಂದರೆ ಒಂದು ಗಂಟೆಯೋ ಅದಕ್ಕೂ ಕಡಿಮೆಯೋ ಮುಂಚೆ. ಸೂರ್ಯನ ಹತ್ತಿರವೇ ಕ್ಷೇತ್ರವನ್ನು ಓದುವುದು ಕಲಿತರೆ ಆ ಗಂಟೆ ದಿನಗಳಾಗಬಹುದು. ಇನ್ನೂ ಆಗಿಲ್ಲ. ದಾರಿ ಮಾತ್ರ ಆ ಕಡೆಗೇ ಅನ್ನುವುದು ನನ್ನ ನಂಬಿಕೆ. 2024ರ ಮೇ ಬಿರುಗಾಳಿಯಲ್ಲಿ ನಿಜವಾಗಿ ಆದ ನಷ್ಟ ಯಾವುದು ಗೊತ್ತೇ? ಅಮೆರಿಕದ ರೈತರ ಟ್ರ್ಯಾಕ್ಟರುಗಳ ಜಿಪಿಎಸ್ ದಾರಿ ತಪ್ಪಿ ಬಿತ್ತನೆ ನಿಂತಿತು. ನೆಲದ ಮೇಲಿದ್ದ ಯಾವ ಬಸುರಿಗೂ ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ನಮಗೆ ಗಾಳಿಯ ದಪ್ಪ ಕಂಬಳಿ ಇದೆ.

ಆದಿತ್ಯ ಹಾರಿದಾಗ (2023ರ ಸೆಪ್ಟೆಂಬರ್ 2) ನಾನೂ ಆಫೀಸಿನಲ್ಲಿ ಚಪ್ಪಾಳೆ ಹೊಡೆದವನೇ. ಅದರ ಮುಖ್ಯ ಉಪಕರಣ ಕಟ್ಟಿದ್ದೂ ಇದೇ ಖಭೌತ ಸಂಸ್ಥೆ. ತಕರಾರು ಆದಿತ್ಯನ ಮೇಲಲ್ಲ. ರಾಕೆಟ್ಟಿಗೆ ಮೂರು ಗಂಟೆ ಲೈವ್ ಕೊಡುವವರಿಗೆ ಹೊಲದಲ್ಲಿ ನಿಂತ ಆಂಟೆನಾಕ್ಕೆ ಮೂರು ನಿಮಿಷ ಯಾಕಿಲ್ಲ ಅನ್ನುವುದಷ್ಟೇ. ಈ ಆಂಟೆನಾಗಳಿಗೆ ಬೇಕಾದದ್ದು ಮೌನ. ನಮ್ಮ ಎಫ್ಎಂ ಪಟ್ಟಿ 88ರಿಂದ 108 ಮೆಗಾಹರ್ಟ್ಸ್, ಅವರು ಕೇಳುವ ಪಟ್ಟಿಯ ನಟ್ಟನಡುವೆ ಕೂತಿದೆ. ಅದರ ಮೇಲೆ ಅಗ್ಗದ ಎಲ್ಇಡಿ, ಚಾರ್ಜರು, ಇನ್ವರ್ಟರು, ಎಲ್ಲವೂ ಸ್ವಲ್ಪ ಸ್ವಲ್ಪ ಕಚಪಿಚ ಅನ್ನುತ್ತವೆ. ಬೆಂಗಳೂರು ಆ ಕಡೆಗೇ ಬೆಳೆಯುತ್ತಿದೆ. ಊರು ಬೆಳೆಯಬಾರದು ಅಂತ ಹೇಳಲು ನಾನ್ಯಾರು, ನಾನೂ ಬೆಳೆಸಿದವರಲ್ಲಿ ಒಬ್ಬ. ಆದರೆ ಅಲ್ಲಿ ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದವರು ಅದಕ್ಕಾಗಿ ಒಂದಿಷ್ಟು ಮೌನ ಬಿಡಿ ಅಂತ ಕೇಳುವುದಾದರೂ ಹೇಗೆ? ಬ್ಲಾಗು ಬರೆಯುವ ಗೆಳೆಯರಲ್ಲಿ ವಿಜ್ಞಾನ ಓದಿದವರು ಬೇಕಾದಷ್ಟು ಜನ ಇದ್ದೀರಿ. ಮುಂದಿನ ಸಲ 'ಗಂಡಾಂತರ' ಅಂತ ಬಂದಾಗ ಅದೇ ದಿನ, ಅದೇ ಸಂಜೆ, ನಿಮ್ಮ ಅಮ್ಮನಿಗೆ ಅರ್ಥವಾಗುವ ಕನ್ನಡದಲ್ಲಿ ನಾಲ್ಕು ಸಾಲು ಹಾಕಿ. ತಡವಾದರೆ ಕಿಟಕಿಗೆ ಬೆಡ್‌ಶೀಟು ಬಿದ್ದಿರುತ್ತದೆ.

ಟೀವಿ ಆಫ್ ಮಾಡಿದ ಮೇಲೆ ಅಮ್ಮನಿಗೆ ಗೌರಿಬಿದನೂರಿನ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದರು. "ಅಯ್ಯೋ, ಇದು ನಮ್ಮನೆ ಮಾಳಿಗೆ ಮ್ಯಾಲಿತ್ತಲ್ಲ ಆಂಟೆನಾ, ಅದೇ ಥರ ಐತಲ್ಲೋ. ಅದ್ನ ಗುಜರಿಯೋನಿಗೆ ಹಾಕಿದ್ವಲ್ಲ" ಅಂದರು. ಆಮೇಲೆ, "ಬಸ್ಸಲ್ಲಿ ಹೋಗೋವಾಗ ಕಾಣ್ಸುತ್ತಾ?" ಅಂತ ಕೇಳಿದರು. ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ.